ಸುಷಿರವಾದ್ಯಗಳ ಆರೈಕೆ: ಉಸಿರು, ತೇವ, ಮರ

ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸುವ ಪದ್ಧತಿ ಭರತನ ನಾಟ್ಯಶಾಸ್ತ್ರದಷ್ಟು ಹಳೆಯದು. ಇವುಗಳಲ್ಲಿ ತಂತಿಯ ವಾದ್ಯವನ್ನು ಬೆರಳು ಮುಟ್ಟುತ್ತದೆ. ಚರ್ಮವಾದ್ಯವನ್ನು ಅಂಗೈ ಮುಟ್ಟುತ್ತದೆ. ತಾಳ, ಜಾಗಟೆಗಳನ್ನು ಲೋಹವೋ ಕೋಲೋ ಮುಟ್ಟುತ್ತದೆ. ಸುಷಿರವಾದ್ಯದ ಒಳಗೆ ಮಾತ್ರ ನುಡಿಸುವವನ ಉಸಿರೇ ಹೊಕ್ಕು ಹೊರಬರುತ್ತದೆ. ಉಸಿರಿನ ಸಂಗಡ ನೀರೂ ಹೊಗುತ್ತದೆ. ಈ ನೀರಿನಿಂದಲೇ ಸನಾದಿ, ನಾಗಸ್ವರ, ಕೊಳಲು, ಕ್ಲಾರಿಯೊನೆಟ್ ಮೊದಲಾದವುಗಳ ಆಯುಸ್ಸು ನಿರ್ಧಾರವಾಗುತ್ತದೆಂಬುದು ಕೇಳುಗರ ಗಮನಕ್ಕೆ ಬರುವುದು ಕಡಿಮೆ.

ಉತ್ತರ ಕರ್ನಾಟಕದ ಮಠಗಳ ಜಾತ್ರೆಗಳಲ್ಲಿ ತೇರಿನ ಮುಂದೆ ಕರಡಿ ಮಜಲು ಸಾಗುವುದು ವಾಡಿಕೆ. ಅದರಲ್ಲಿ ಕರಡಿಯ ಗಡಸು ನಾದದ ಮೇಲೆ ತೇಲಿಬರುವ ಸ್ವರ ಸನಾದಿಯದು. 1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಲನಚಿತ್ರಕ್ಕಾಗಿ ಉಸ್ತಾದ್ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದ ಮೇಲೆ ಈ ವಾದ್ಯದ ಹೆಸರು ನಾಡಿನ ಮನೆಮನೆಗೂ ಮುಟ್ಟಿತು. ದಕ್ಷಿಣದ ಜಿಲ್ಲೆಗಳಲ್ಲಿ ಇದೇ ಸ್ಥಾನ ನಾಗಸ್ವರದ್ದು. ಕ್ಲಾರಿಯೊನೆಟ್ ಪಾಶ್ಚಾತ್ಯ ವಾದ್ಯವಾದರೂ ಬ್ಯಾಂಡಿನವರ ಮೂಲಕ ಬಂದು ಇಲ್ಲಿಯದೇ ಆಗಿದೆ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದವರು. ಶಾಲೆಗಳ ವಾದ್ಯವೃಂದಗಳಲ್ಲಿ ಹೆಚ್ಚಾಗಿ ಕೈಗೆ ಸಿಗುವುದೂ, ಆರೈಕೆಯಿಲ್ಲದೆ ಬೇಗನೆ ಮೂಲೆ ಸೇರುವುದೂ ಕ್ಲಾರಿಯೊನೆಟ್ಟೇ. ಆದುದರಿಂದ ಅದನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು, ಉಳಿದವುಗಳ ವಿಚಾರವನ್ನು ಸಂದರ್ಭ ಬಂದಂತೆ ಹೇಳುವುದು ಉಚಿತ.

ನುಡಿಸಿದ ಬಳಿಕ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಜೊಲ್ಲೆಂದು ತಿಳಿದು ಮೂಗು ಮುರಿಯುವವರುಂಟು. ಅದರಲ್ಲಿ ಜೊಲ್ಲಿನ ಅಂಶ ಸ್ವಲ್ಪ. ಬಹುಭಾಗ ಉಸಿರಿನ ಆವಿಯೇ ತಣಿದು ನೀರಾದದ್ದು. ಶರೀರದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 44 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಹಿಡಿದಿಡಬಲ್ಲದ್ದು 17 ಗ್ರಾಂ ಮಾತ್ರ. 15 ಡಿಗ್ರಿಗೆ ಇಳಿದರೆ 13 ಗ್ರಾಂ. ಉಳಿದ ಆವಿ ಎಲ್ಲಿ ತಂಪಾದ ಮೈ ಸಿಕ್ಕೀತೋ ಅಲ್ಲಿ ಹನಿಯಾಗಿ ಕೂಡುತ್ತದೆ. ಚಳಿಗಾಲದ ಮುಂಜಾನೆ ಬಾಯಿಯಿಂದ ಹೊಗೆಯಂತೆ ಹೊರಡುವ ಉಸಿರೂ, ಕನ್ನಡಿಯ ಮೇಲೆ ಊದಿದಾಗ ಕೂಡುವ ಮಂಜೂ ಇದೇ ನಿಯಮಕ್ಕೆ ಒಳಪಟ್ಟಿವೆ. ಜನವರಿ 26ರ ಬೆಳಗಿನ ಕವಾಯತಿನಲ್ಲಿ ವಾದ್ಯ ಹೆಚ್ಚು ನೀರು ಸುರಿಸುವುದಕ್ಕೂ, ಏಪ್ರಿಲ್ ತಿಂಗಳ ಮಧ್ಯಾಹ್ನ ಹೆಚ್ಚುಕಡಮೆ ಒಣಗಿಯೇ ಇರುವುದಕ್ಕೂ ಕಾರಣ ಇಲ್ಲಿದೆ.

ಇದೇ ಉಷ್ಣತೆಯ ಪ್ರಶ್ನೆ ಶ್ರುತಿಗೂ ಸಂಬಂಧಿಸಿದ್ದು. ಗಾಳಿಯಲ್ಲಿ ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್; ಡಿಗ್ರಿಯೊಂದಕ್ಕೆ ಸುಮಾರು 0.6 ಮೀಟರಿನಂತೆ ಏರುತ್ತದೆ. ಕೊಳವೆಯೊಳಗಿನ ಗಾಳಿ 15 ಡಿಗ್ರಿಯಿಂದ 30 ಡಿಗ್ರಿಗೆ ಏರಿತೆಂದರೆ ಸ್ವರ ಹತ್ತಿರ ಹತ್ತಿರ ಕಾಲು ಸ್ವರದಷ್ಟು, ಅಂದರೆ ಹಾರ್ಮೋನಿಯಂನ ಎರಡು ಅಕ್ಕಪಕ್ಕದ ಮನೆಗಳ ನಡುವಿನ ಅಂತರದಲ್ಲಿ ಅರ್ಧದಷ್ಟು, ಮೇಲೇರುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ಕ್ಲಾರಿಯೊನೆಟ್ ಹಾರ್ಮೋನಿಯಂಗಿಂತ ಇಳಿದು ಕೇಳಿದರೆ ಹುಡುಗನನ್ನು ಗದರಿಸುವ ಮೊದಲು ಐದು ನಿಮಿಷ ಕಾಯುವುದು ನ್ಯಾಯ. ತಣ್ಣಗಿರುವ ವಾದ್ಯವನ್ನು ಅಂಗೈಗಳ ನಡುವೆ, ಇಲ್ಲವೇ ಕಂಕುಳಲ್ಲಿ ಹಿಡಿದು ಬೆಚ್ಚಗಾಗಿಸಿದ ಮೇಲೆ ಊದಿದರೆ ಶ್ರುತಿಯೂ ಕೂಡುತ್ತದೆ, ನೀರೂ ಕಡಿಮೆಯಾಗುತ್ತದೆ. ಒಲೆಯ ಮುಂದೆ, ಬಿಸಿಲಿನಲ್ಲಿ ಕಾಯಿಸುವುದು ಸಲ್ಲದು.

ಇನ್ನು ಮರದ ಸ್ವಭಾವ. ಮರವೆಂದರೆ ಉದ್ದುದ್ದವಾದ ಸೂಕ್ಷ್ಮ ನಾಳಗಳ ಕಟ್ಟು. ನೀರನ್ನು ಹೀರಿದಾಗ ಅದು ಉದ್ದಕ್ಕೆ ಬೆಳೆಯುವುದು ಅತ್ಯಲ್ಪ. ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಅಡ್ಡದಲ್ಲಿಯೂ ಎಲ್ಲ ದಿಕ್ಕಿಗೆ ಸಮನಾಗಿ ಅಲ್ಲ. ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಹಿಗ್ಗು ಕೇಂದ್ರದಿಂದ ಹೊರಮುಖವಾದ ದಿಕ್ಕಿನ ಹಿಗ್ಗಿನ ಸುಮಾರು ಇಮ್ಮಡಿ. ಗುಂಡಗೆ ಕೊರೆದ ರಂಧ್ರ ಕಾಲಕ್ರಮದಲ್ಲಿ ಕೊಂಚ ಮೊಟ್ಟೆಯಾಕಾರ ತಾಳುವುದಕ್ಕೆ ಇದೇ ಕಾರಣ. ಸುತ್ತಲಿನ ಗಾಳಿ ಶೇಕಡಾ 30ರಷ್ಟು ಆರ್ದ್ರತೆಯಲ್ಲಿದ್ದಾಗ ಸಾಮಾನ್ಯ ಮರ ತನ್ನ ಒಣತೂಕದ ಶೇ. 6ರಷ್ಟು ನೀರನ್ನು ಇಟ್ಟುಕೊಳ್ಳುತ್ತದೆ; ಗಾಳಿಯ ಆರ್ದ್ರತೆ 80ಕ್ಕೆ ಏರಿದರೆ ಮರದ ನೀರು ಶೇ. 16ರ ಸುಮಾರಿಗೆ ಬರುತ್ತದೆ. ರಾಯಚೂರು, ವಿಜಯಪುರಗಳ ಬೇಸಗೆಗೂ ಮಲೆನಾಡಿನ ಆಷಾಢಕ್ಕೂ ಇರುವ ಅಂತರ ಇಂಥದ್ದೇ. ಮಳೆಗಾಲದಲ್ಲಿ ಬಿಗಿದು ನಿಲ್ಲುವ ಬಾಗಿಲನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಾಗಿಲು ಬಿಗಿದರೆ ಬಡಗಿ ಉಜ್ಜುಗೊರಡು ಹಿಡಿದು ಸರಿಪಡಿಸಿಯಾನು. ಕೊಳವೆಯ ಗತಿ ಬೇರೆ. ಅರ್ಧ ಗಂಟೆ ಊದಿದ ಕ್ಲಾರಿಯೊನೆಟ್ಟಿನ ಒಳಮೈ ತೊಯ್ದು ಬೆಚ್ಚಗಾಗಿ ಹಿಗ್ಗಲು ಹವಣಿಸುತ್ತದೆ. ಹೊರಮೈ ಒಣಗಿ ತಂಪಾಗಿ ಹಿಗ್ಗದೆ ಉಳಿಯುತ್ತದೆ. ಒಳಗಿನ ಒತ್ತಡವನ್ನು ಹೊರಪದರ ತಾಳುವವರೆಗೆ ತಾಳಿ, ಒಂದು ದಿನ ಎಳೆಯ ಉದ್ದಕ್ಕೆ ಸೀಳುತ್ತದೆ. ಈ ಸೀಳು ಬಹುಮಟ್ಟಿಗೆ ಬಾಯಿಗೆ ಸಮೀಪವಾದ ಮೇಲ್ಭಾಗದಲ್ಲಿಯೇ ಕಾಣಿಸಿಕೊಂಡು, ಒಂದು ಸ್ವರರಂಧ್ರದಿಂದ ಮತ್ತೊಂದಕ್ಕೆ ಹರಿಯುತ್ತದೆ. ಕೂದಲೆಳೆಯಷ್ಟು ಸೀಳಾದರೂ ಸಾಕು, ಗಾಳಿ ಸೋರಿ ಕೆಳಗಿನ ಸ್ವರಗಳು ಹೊರಡದಂತಾಗುತ್ತವೆ.

ಒಳ್ಳೆಯ ಕ್ಲಾರಿಯೊನೆಟ್ಟುಗಳಿಗೆ ಬಳಸುವ ಮರ ಆಫ್ರಿಕದ ಟಾಂಜಾನಿಯ, ಮೊಜಾಂಬಿಕ್‌ಗಳಲ್ಲಿ ಬೆಳೆಯುವ ಕಪ್ಪು ಮರ. ಅದು ಮಲೆನಾಡಿನ ಬೀಟೆಯ ಕುಲಕ್ಕೇ ಸೇರಿದ್ದು. ನೀರಿನಲ್ಲಿ ಮುಳುಗುವಷ್ಟು ಭಾರ. ಬಲಿಯುವುದಕ್ಕೆ ಹಲವು ದಶಕಗಳು ಬೇಕು. ಈ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು 2017ರ ಜನವರಿಯಲ್ಲಿ ನಿಯಂತ್ರಣಕ್ಕೆ ಒಳಪಡಿಸಿ, ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಕೊಡಲಾಯಿತು. ಸೀಳಿಹೋದ ಒಂದು ಕೊಳವೆಯ ಜಾಗದಲ್ಲಿ ಇನ್ನೊಂದನ್ನು ತರುವುದು ಹಣವಿದ್ದವರಿಗೂ ಸುಲಭದ ಮಾತಲ್ಲ.

ಹೊಸ ವಾದ್ಯಕ್ಕೆ ಮೊದಲ ಕೆಲವು ವಾರಗಳೇ ಅಪಾಯದ ಕಾಲ. ಆ ಅವಧಿಯಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಊದದೆ, ಪ್ರತಿಸಲವೂ ಒರೆಸಿ, ಕ್ರಮೇಣ ಸಮಯವನ್ನು ಹೆಚ್ಚಿಸುತ್ತ ಹೋಗಬೇಕು. ದುರ್ದೈವದಿಂದ ಶಾಲೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ವಾರ್ಷಿಕೋತ್ಸವಕ್ಕೆ ಒಂದು ವಾರವಿರುವಾಗ ಹೊಸ ವಾದ್ಯ ಬರುತ್ತದೆ. ಮರುದಿನದಿಂದಲೇ ಮೂರು ಗಂಟೆಗಳ ತಾಲೀಮು ಆರಂಭವಾಗುತ್ತದೆ. ನಾಗಸ್ವರ ಮಾಡುವವರು ಈ ತೊಡಕನ್ನು ಬುಡದಲ್ಲಿಯೇ ನಿವಾರಿಸಿಕೊಂಡಿರುವುದು ಮೆಚ್ಚತಕ್ಕ ಸಂಗತಿ. ತಮಿಳುನಾಡಿನ ನರಸಿಂಗಂಪೇಟೆಯ ಕುಶಲಿಗಳು ಕನ್ನಡದಲ್ಲಿ ಕಮರವೆಂದು ಹೆಸರುಳ್ಳ ಆಚ್ಚಾ ಮರವನ್ನು ಬಳಸುತ್ತಾರೆ. ಅದರಲ್ಲಿಯೂ ಹೊಸದಾಗಿ ಕಡಿದುದನ್ನು ಬಿಟ್ಟು, ಕೆಡವಿದ ಹಳೆಯ ಮನೆಗಳ ತೊಲೆ ಕಂಬಗಳನ್ನೇ ಆರಿಸಿಕೊಳ್ಳುತ್ತಾರೆ. ಹಲವು ದಶಕಗಳ ಕಾಲ ಚಾವಣಿಯನ್ನು ಹೊತ್ತು ಒಣಗಿದ ಮರ ತನ್ನ ಹಿಗ್ಗು ಕುಗ್ಗುಗಳನ್ನೆಲ್ಲ ಮೊದಲೇ ಮುಗಿಸಿಕೊಂಡಿರುತ್ತದೆ. ಆ ಊರಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ನುಡಿಸಿ ಮುಗಿದೊಡನೆ ಮಾಡಬೇಕಾದ ಕೆಲಸಕ್ಕೆ ಐದು ನಿಮಿಷ ಸಾಕು. ಆದರೆ ಅದನ್ನು ಆಗಲೇ ಮಾಡಬೇಕು. ಚಹಾ ಕುಡಿದು ಬಂದ ಮೇಲೆ ಅಲ್ಲ. ಮೊದಲು ರೀಡನ್ನು ಕಳಚಬೇಕು. ಅನಂತರ ಮೌತ್‌ಪೀಸು, ಬ್ಯಾರಲ್, ಎರಡು ಕೊಳವೆಗಳು ಮತ್ತು ಬೆಲ್ಲನ್ನು ಬಿಡಿಸಿ, ದಾರದ ತುದಿಗೆ ಚಿಕ್ಕ ಭಾರ ಕಟ್ಟಿದ ಹಳೆಯ ಮೆತ್ತನೆಯ ಹತ್ತಿಬಟ್ಟೆಯನ್ನೋ ರೇಷ್ಮೆಯ ತುಂಡನ್ನೋ ಒಳಗಿನಿಂದ ನಿಧಾನವಾಗಿ ಎಳೆಯಬೇಕು. ಬಟ್ಟೆ ಬಿಡಿಸಿಕೊಂಡಿರಬೇಕು, ಮುದ್ದೆಯಾಗಿರಬಾರದು. ಮೇಲಿನ ಕೊಳವೆಯ ಒಳಗೆ, ಹೆಬ್ಬೆರಳಿನ ಕೀಲಿಯ ಹತ್ತಿರ, ಸಣ್ಣ ಲೋಹದ ನಳಿಗೆಯೊಂದು ಒಳಮುಖವಾಗಿ ಚಾಚಿಕೊಂಡಿರುತ್ತದೆ. ಮುದ್ದೆಯಾದ ಬಟ್ಟೆ ಸಿಕ್ಕಿಬೀಳುವುದು ಅಲ್ಲಿಯೇ. ಸಿಕ್ಕಿದಾಗ ಬಲವಾಗಿ ಮುಂದಕ್ಕೆ ಎಳೆಯದೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಎಳೆದುಕೊಳ್ಳಬೇಕು. ಕೋಲಿನಿಂದ ತಿವಿದು ಬಟ್ಟೆಯನ್ನು ಬಿಡಿಸಹೋಗಿ ಒಳಮೈಯನ್ನು ಗೀರಿ ಹಾಕಿದ ಉದಾಹರಣೆಗಳು ದುರಸ್ತಿಗಾರರ ಬಳಿ ಬೇಕಾದಷ್ಟಿವೆ.

ಕೊಳವೆಯನ್ನು ಒರೆಸುವಷ್ಟನ್ನು ಎಲ್ಲರೂ ಮಾಡುತ್ತಾರೆ. ಕೂಡುವ ತುದಿಗಳನ್ನು ಒರೆಸುವುದನ್ನು ಮರೆಯುತ್ತಾರೆ. ಮರದ ನಾಳಗಳ ತೆರೆದ ಬಾಯಿಗಳು ಇರುವುದು ಈ ತುದಿಗಳಲ್ಲಿ. ಉದ್ದಮೈಯಿಗಿಂತ ಇವು ನೀರನ್ನು ಬಹುಬೇಗನೆ ಹೀರುತ್ತವೆ. ಒಂದು ಭಾಗ ಇನ್ನೊಂದರೊಳಗೆ ಸೇರುವ ಗುಂಡಿಯ ತಳದಲ್ಲಿ ನಿಂತ ನಾಲ್ಕು ಹನಿ ನೀರು ಇಡೀ ಕೊಳವೆಯ ತೇವಕ್ಕಿಂತ ಹೆಚ್ಚಿನ ಹಾನಿ ಮಾಡೀತು. ವಾದ್ಯವನ್ನು ಜೋಡಿಸಿದ ಸ್ಥಿತಿಯಲ್ಲಿಯೇ ರಾತ್ರಿಯಿಡೀ ಬಿಟ್ಟರೆ ಈ ತುದಿಗಳು ಉಬ್ಬಿ ಕಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಇಬ್ಬರು ಹಿಡಿದು ತಿರುಚಬೇಕಾಗುತ್ತದೆ. ತಿರುಚುವಾಗ ಕೀಲಿಗಳು ಬಾಗುತ್ತವೆ. ತುದಿಗೆ ಸುತ್ತಿದ ಬೆಂಡು ಒಣಗಿ ಉಜ್ಜಿಕೊಳ್ಳುವಂತಾದರೆ ಅದಕ್ಕೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಬೇಕು.

ಕೀಲಿಗಳ ಅಡಿಯಲ್ಲಿರುವ ಪ್ಯಾಡುಗಳು ಉಣ್ಣೆಯ ದಪ್ಪ ಬಟ್ಟೆಗೆ ತೆಳುವಾದ ಪೊರೆ ಹೊದಿಸಿದಂಥವು. ಇವು ತೊಯ್ದರೆ ಅಂಟುತ್ತವೆ, ಮತ್ತೆ ಮತ್ತೆ ತೊಯ್ದರೆ ಉಬ್ಬಿ ಒಡೆಯುತ್ತವೆ. ನುಡಿಸುತ್ತಿರುವಾಗ ಒಂದು ಸ್ವರ ಗುಳುಗುಳು ಎಂದರೆ ಯಾವುದೋ ರಂಧ್ರದಲ್ಲಿ ಹನಿ ನಿಂತಿದೆಯೆಂದು ಅರ್ಥ. ಆ ಕೀಲಿಯನ್ನು ತೆರೆದು ರಂಧ್ರಕ್ಕೆ ಒಮ್ಮೆ ಊದಿ, ತೆಳುವಾದ ಒತ್ತುಕಾಗದವನ್ನೋ ಸಿಗರೇಟಿನ ಕಾಗದವನ್ನೋ ಪ್ಯಾಡಿನ ಕೆಳಗಿರಿಸಿ ಮೃದುವಾಗಿ ಮುಚ್ಚಿ ತೆರೆದರೆ ಕಾಗದವೇ ನೀರನ್ನು ಹೀರಿಕೊಳ್ಳುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಕಾಗದವನ್ನು ಎಳೆಯಬಾರದು, ಪೊರೆ ಹರಿಯುತ್ತದೆ. ಸಿಗರೇಟಿನ ಕಾಗದ ಶಾಲೆಯ ಆವರಣದಲ್ಲಿ ಏಕೆ ಬಂತೆಂದು ಮುಖ್ಯಾಧ್ಯಾಪಕರು ಕೇಳಿದರೆ ಉತ್ತರ ಸಿದ್ಧವಿರುವುದು ಒಳ್ಳೆಯದು.

ಮೌತ್‌ಪೀಸು ಸಾಮಾನ್ಯವಾಗಿ ಎಬೊನೈಟಿನದು, ಅಂದರೆ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಸಾಕು. ಕುದಿಯುವ ನೀರು ಸುರಿದರೂ, ಬಿಸಿಲಿಗಿಟ್ಟರೂ ಕಪ್ಪು ಬಣ್ಣ ಹಸುರುಗಂದಾಗಿ ಗಂಧಕದ ವಾಸನೆ ಬರುತ್ತದೆ.

ರೀಡಿನ ವಿಷಯ ತುಸು ವಿಚಿತ್ರ. ವಾದ್ಯದ ಮೈ ಒಣಗಿರಬೇಕು. ರೀಡು ನುಡಿಸುವಾಗ ಒದ್ದೆಯಾಗಿರಬೇಕು. ಒಣಗಿದ ರೀಡು ನುಡಿಯುವುದೇ ಇಲ್ಲ. ಸನಾದಿಗಾರರು ಊದುವ ಮೊದಲು ರೀಡನ್ನು ಬಾಯಲ್ಲಿ ನೆನೆಸಿಕೊಳ್ಳುವುದೂ, ನಾಗಸ್ವರದವರು ಸೀವಾಳಿಯನ್ನು ತುಟಿಗಳ ನಡುವೆ ಇಟ್ಟುಕೊಂಡು ಕಾಯುವುದೂ ಇದಕ್ಕಾಗಿಯೇ. ಸನಾದಿ, ನಾಗಸ್ವರಗಳಲ್ಲಿ ಎರಡು ಪದರಗಳು ಒಂದಕ್ಕೊಂದು ಎದುರಾಗಿ ನಡುಗುತ್ತವೆ. ಕ್ಲಾರಿಯೊನೆಟ್ಟಿನಲ್ಲಿ ಒಂದೇ ಪದರ ಮೌತ್‌ಪೀಸಿನ ಎದುರು ನಡುಗುತ್ತದೆ. ಮೂರೂ ಜೊಂಡು ಹುಲ್ಲಿನ ಜಾತಿಯ ಸಸ್ಯಗಳಿಂದ ಆದವೇ. ನುಡಿಸಿದ ಬಳಿಕ ಕ್ಲಾರಿಯೊನೆಟ್ಟಿನ ರೀಡನ್ನು ಬೆರಳಿನಿಂದ ತುದಿಯ ಕಡೆಗೆ ಒರೆಸಿ, ಗಾಜಿನ ಬಿಲ್ಲೆಯಂತಹ ಸಮತಟ್ಟಾದ ತಳದ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಮೌತ್‌ಪೀಸಿನ ಮೇಲೆಯೇ ಬಿಟ್ಟರೆ ಒಂದು ಮೈ ಒಣಗಿ ಇನ್ನೊಂದು ಮೈ ಒದ್ದೆಯಾಗಿ ಉಳಿದು ತುದಿ ಅಲೆಯಲೆಯಾಗುತ್ತದೆ. ಒಂದನ್ನೇ ನಿತ್ಯ ದುಡಿಸುವುದಕ್ಕಿಂತ ಮೂರು ನಾಲ್ಕನ್ನು ಸರದಿಯಲ್ಲಿ ಬಳಸುವುದು ಲೇಸು. ಸನಾದಿಯ ಕೊರಳಿಗೆ ದಾರದಲ್ಲಿ ತೂಗುವ ಬಿಡಿ ರೀಡುಗಳೂ ಅವುಗಳ ಬಾಯಿ ಸರಿಪಡಿಸುವ ಸೂಜಿಯೂ ನೋಡುವವರಿಗೆ ಅಲಂಕಾರದಂತೆ ಕಂಡರೂ ಅವು ಗಾಳಿಗೆ ಒಣಗುತ್ತ ಸರದಿ ಕಾಯುವ ಸಾಮಗ್ರಿಗಳೇ.

ಸನಾದಿಯ ಹಿತ್ತಾಳೆಯ ಬಾಯಿ ಕಿಲುಬು ಹಿಡಿದಾಗ ಹುಣಸೆಹಣ್ಣಿನಿಂದ ಬೆಳಗುವುದು ವಾಡಿಕೆ. ಲೋಹದ ಭಾಗವನ್ನು ಕಳಚಿದ ಮೇಲೆ ಮಾತ್ರ ಇದನ್ನು ಮಾಡಬೇಕು. ಹುಣಸೆಯ ನೀರು ಮರಕ್ಕೆ ಇಳಿದರೆ ಪೂಜಾಪಾತ್ರೆಯ ಹೊಳಪು ಬಂದೀತು, ಸ್ವರ ಹೋದೀತು.

ಇಷ್ಟನ್ನು ಓದಿದವರು ಒಣಗಿಸುವುದೇ ಸರ್ವಸ್ವವೆಂದು ತಿಳಿಯಬಾರದು. ಅತಿಯಾದ ಶುಷ್ಕತೆಯೂ ತೇವದಷ್ಟೇ ಕೆಟ್ಟದ್ದು. ಬಯಲುಸೀಮೆಯ ಬೇಸಗೆಯಲ್ಲಿ ರಜೆಯ ಎರಡು ತಿಂಗಳು ತಗಡಿನ ಚಾವಣಿಯ ಕೋಣೆಯಲ್ಲಿ ಬೀಗ ಹಾಕಿದ ವಾದ್ಯ ಜೂನ್‌ನಲ್ಲಿ ತೆರೆದಾಗ ಸೀಳಿರುವುದುಂಟು. ಅದನ್ನು ಆ ಅವಧಿಯಲ್ಲಿ ಯಾರೂ ಊದಿರುವುದೇ ಇಲ್ಲ. ಕ್ಲಾರಿಯೊನೆಟ್ಟಿನ ಕೂಡುಗೆಗಳ ಮೇಲಿನ ಲೋಹದ ಉಂಗುರಗಳು ಬೆರಳಿನಿಂದ ತಿರುಗಿಸಿದರೆ ತಿರುಗತೊಡಗಿದುವೆಂದರೆ ಮರ ಕುಗ್ಗಿದೆಯೆಂಬ ಮುನ್ಸೂಚನೆ. ಆಗ ಪೆಟ್ಟಿಗೆಯೊಳಗೆ ತೂತುಗಳುಳ್ಳ ಸಣ್ಣ ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಸ್ಪಂಜಿನ ತುಂಡನ್ನು ಇಡಬಹುದು. ಕಿತ್ತಳೆಯ ಸಿಪ್ಪೆ ಇಡುವ ರೂಢಿ ಕೆಲವರಲ್ಲಿದೆ. ಅದು ಬೂಷ್ಟಿಗೆ ಆಹ್ವಾನ. ಆಷಾಢ ಶ್ರಾವಣಗಳಲ್ಲಿ ಇದಕ್ಕೆ ವಿರುದ್ಧವಾಗಿ ಸಿಲಿಕಾ ಜೆಲ್‌ನ ಪೊಟ್ಟಣ ಉಪಯುಕ್ತ. ಮಳೆಗಾಲದ ಪೊಟ್ಟಣವನ್ನು ಬೇಸಗೆಯಲ್ಲಿ ತೆಗೆಯಲು ಮರೆಯುವುದು ಸಾಮಾನ್ಯವಾಗಿ ಕಾಣುವ ದೋಷ.

ಎಣ್ಣೆಯ ಬಗ್ಗೆ ಬಲ್ಲವರಲ್ಲಿಯೇ ಭಿನ್ನಾಭಿಪ್ರಾಯವಿದೆ. ಬಿದಿರಿನ ಕೊಳಲಿನ ಒಳಮೈಗೆ ಆಗಾಗ ಸಾಸಿವೆ ಎಣ್ಣೆಯನ್ನೋ ಬಾದಾಮಿ ಎಣ್ಣೆಯನ್ನೋ ತೆಳ್ಳಗೆ ಸವರಿ ಹೆಚ್ಚಾದುದನ್ನು ಒರೆಸಿ ತೆಗೆಯುವುದು ಪ್ರಚಲಿತ ಪದ್ಧತಿ. ಕ್ಲಾರಿಯೊನೆಟ್ಟಿಗೂ ಕೆಲವರು ಹೀಗೆ ಮಾಡುತ್ತಾರೆ, ಕೆಲವರು ಅದರ ಗೊಡವೆಗೇ ಹೋಗುವುದಿಲ್ಲ. ಮಾಡುವುದಾದರೆ ಎಣ್ಣೆ ಪ್ಯಾಡಿಗೆ, ಬೆಂಡಿಗೆ ತಗಲಬಾರದು. ಎರಡು ಎಣ್ಣೆಗಳನ್ನು ಮಾತ್ರ ನಿಶ್ಚಯವಾಗಿ ದೂರವಿಡಬೇಕು. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪೊರೆಗಟ್ಟುತ್ತದೆ. ಬಾಗಿಲಿಗೆ ಅದು ಗುಣ, ಅಳತೆ ತಪ್ಪಬಾರದ ಕೊಳವೆಗೆ ದೋಷ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಧಾರವಾಡದ ಚಳಿಗಾಲದ ಬೆಳಗಿನಲ್ಲಿ ರಂಧ್ರಗಳ ಅಂಚಿನಲ್ಲಿ ಬಿಳಿಯ ಗಂಟಾಗಿ ಕೂಡುತ್ತದೆ. ಬಿದಿರು ತುಸು ಸೀಳಿದರೆ ದಾರವನ್ನು ಬಿಗಿಯಾಗಿ ಸುತ್ತಿ ಕೆಲಕಾಲ ನಡೆಸಬಹುದು. ಮರದ ಕ್ಲಾರಿಯೊನೆಟ್ ಸೀಳಿದಾಗ ಅಂಗಡಿಯ ಗೋಂದನ್ನು ತಾವೇ ತುಂಬದೆ, ಊದುವುದನ್ನು ನಿಲ್ಲಿಸಿ ಬಲ್ಲವರ ಕೈಗೆ ಕೊಡಬೇಕು.

ತೇವದಿಂದ ಕೆಡುವುದು ವಾದ್ಯವೊಂದೇ ಅಲ್ಲ. 2016ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯರು ‘ಥೋರಾಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಕರಣವನ್ನು ವರದಿ ಮಾಡಿದರು. ನಿತ್ಯವೂ ಬ್ಯಾಗ್‌ಪೈಪ್ ಊದುತ್ತಿದ್ದ 61 ವರ್ಷದ ವ್ಯಕ್ತಿಯೊಬ್ಬರು ಏಳು ವರ್ಷಗಳಿಂದ ಒಣಕೆಮ್ಮು, ಏದುಸಿರುಗಳಿಂದ ನರಳುತ್ತಿದ್ದರು. ವಾದ್ಯವನ್ನು ಮನೆಯಲ್ಲಿಯೇ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಕ್ಕೆ ಹೋಗಿದ್ದಾಗ ಮಾತ್ರ ಅವರಿಗೆ ಗುಣ ಕಂಡಿತ್ತು. ವಾದ್ಯದ ಒಳಭಾಗದಿಂದ ತೆಗೆದ ಮಾದರಿಗಳಲ್ಲಿ ಹಲವು ಬಗೆಯ ಬೂಷ್ಟುಗಳು ಬೆಳೆದುವು. ಅವುಗಳನ್ನು ನಿರಂತರ ಉಸಿರಾಡಿದ್ದೇ ಶ್ವಾಸಕೋಶದ ಉರಿಯೂತಕ್ಕೆ ಕಾರಣವಿರಬೇಕೆಂದು ವೈದ್ಯರು ಅಭಿಪ್ರಾಯಪಟ್ಟರು. ರೋಗಿ ಬದುಕಲಿಲ್ಲ. ಇಂತಹ ಪ್ರಕರಣಗಳು ವಿರಳವೆಂಬುದು ನಿಜ. ಆದರೂ ಒದ್ದೆ ಬಟ್ಟೆಯನ್ನು ವಾದ್ಯದ ಸಂಗಡವೇ ತುರುಕಿ ಪೆಟ್ಟಿಗೆಯ ಮುಚ್ಚಳ ಹಾಕುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಯಗೊಡದಿರುವುದಕ್ಕೆ ಈ ಒಂದೇ ಪ್ರಕರಣ ಸಾಕು. ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ತೆರೆದಿಟ್ಟು, ಬಟ್ಟೆಯನ್ನು ಹೊರಗೆ ಹರವಿ, ವಾರಕ್ಕೊಮ್ಮೆ ಸಾಬೂನಿನಲ್ಲಿ ಒಗೆಯಬೇಕು. ಒಂದೇ ರೀಡನ್ನು ಐದಾರು ವಿದ್ಯಾರ್ಥಿಗಳು ಹಂಚಿಕೊಳ್ಳುವುದಂತೂ ನಿಲ್ಲಲೇಬೇಕು. ವಾದ್ಯ ಒಂದೇ ಇದ್ದರೂ ರೀಡು, ಸಾಧ್ಯವಾದರೆ ಮೌತ್‌ಪೀಸು, ತಲೆಗೊಂದರಂತೆ ಇರಬೇಕು.

ವಾದ್ಯದಾನ ಮಾಡುವ ಮಹನೀಯರು ಗಮನಿಸಬೇಕಾದ ಅಂಶವೊಂದುಂಟು. ಉತ್ಸಾಹದಿಂದ ಅತ್ಯುತ್ತಮ ಮರದ ಕ್ಲಾರಿಯೊನೆಟ್ಟನ್ನೇ ಕೊಡುವುದಕ್ಕಿಂತ, ಕಲಿಯುವ ಮಕ್ಕಳ ಕೈಗೆ ಎಬೊನೈಟಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಯದನ್ನು ಕೊಡುವುದೇ ಹೆಚ್ಚು ಸಾರ್ಥಕ. ಅವು ತೇವಕ್ಕೆ ಉಬ್ಬಿ ಸೀಳುವುದಿಲ್ಲ. ಬಿಸಿಲಿನಲ್ಲಿ ನಡೆಯುವ ಮೆರವಣಿಗೆಯನ್ನೂ ತಾಳಿಕೊಳ್ಳುತ್ತವೆ. ಹಾಗೆಂದು ಒರೆಸುವ ಕೆಲಸ ತಪ್ಪುವುದಿಲ್ಲ. ಪ್ಯಾಡು, ಬೆಂಡು, ಸ್ಪ್ರಿಂಗುಗಳು ಅಲ್ಲಿಯೂ ಇವೆ. ಉಳಿದ ಹಣವನ್ನು ರೀಡುಗಳಿಗೂ ವರ್ಷಕ್ಕೊಮ್ಮೆ ನುರಿತ ದುರಸ್ತಿಗಾರರಿಂದ ತಪಾಸಣೆ ಮಾಡಿಸುವುದಕ್ಕೂ ಮೀಸಲಿಟ್ಟರೆ ಆ ದಾನ ಹೆಚ್ಚು ಕಾಲ ನುಡಿಯುತ್ತದೆ. ಮರದ ವಾದ್ಯ ಹಿರಿಯ ವಿದ್ಯಾರ್ಥಿಗಳಿಗೆ, ಅದೂ ಒಬ್ಬರ ಹೊಣೆಗೆ ಒಂದರಂತೆ, ಒಪ್ಪಿಸತಕ್ಕದ್ದು.

ತಪಾಸಣೆಯ ಒಂದು ಭಾಗವನ್ನು ಸಂಗೀತದ ಶಿಕ್ಷಕರೇ ತಿಂಗಳಿಗೊಮ್ಮೆ ಮಾಡಬಹುದು. ಕೊಳವೆಯ ರಂಧ್ರಗಳನ್ನೆಲ್ಲ ಬೆರಳುಗಳಿಂದ ಮುಚ್ಚಿ, ಕೆಳಗಿನ ತುದಿಯನ್ನು ಅಂಗೈಯಿಂದ ಒತ್ತಿಹಿಡಿದು, ಮೇಲಿನಿಂದ ಮೆಲ್ಲನೆ ಊದಬೇಕು. ಗಾಳಿ ಎಲ್ಲಿಯೂ ಹೋಗದೆ ಒತ್ತಡ ನಿಂತರೆ ಕೊಳವೆ ಸರಿಯಾಗಿದೆ. ಸುಸ್ಸೆಂದು ಸೋರಿದರೆ ಪ್ಯಾಡು ಕೂತಿಲ್ಲ ಅಥವಾ ಸೀಳು ಆರಂಭವಾಗಿದೆ. ಕೀಲಿಗಳ ತಿರುಗುವ ತುದಿಗಳಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಿಂದ ಒಂದೊಂದು ಹನಿ ವರ್ಷಕ್ಕೆರಡು ಸಲ ಬಿಡಬೇಕು. ಕಂಡದ್ದನ್ನು ತಾರೀಖಿನ ಸಹಿತ ವಾದ್ಯದ ಪೆಟ್ಟಿಗೆಯಲ್ಲಿಯೇ ಇಟ್ಟ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಆ ವಾದ್ಯವನ್ನು ಕೈಗೆತ್ತಿಕೊಳ್ಳುವ ಹುಡುಗನಿಗೆ ಅದರ ಯಾವ ಕೀಲಿ ಮಳೆಗಾಲದಲ್ಲಿ ಅಂಟುತ್ತದೆ, ಯಾವ ಉಂಗುರ ಬೇಸಗೆಯಲ್ಲಿ ಸಡಿಲವಾಗುತ್ತದೆ ಎಂಬುದು ಮೊದಲ ದಿನವೇ ತಿಳಿದಿರುತ್ತದೆ.